ಹಿಮಗಾಳಿಯ ದಿನದ ಪಾಠ

ಫಾರ್ಗೋ, ನಾರ್ತ್ ಡಕೋಟ
ಜನವರಿ 1976

ಪ್ರೀತಿಯ ಅಪ್ಪ,

ರೇಡಿಯೋ ಕೇಳಿ ಗಾಬರಿಯಾಗಿರುತ್ತೀಯ. ನಾನು ಚೆನ್ನಾಗಿದ್ದೇನೆ. ಹಿಮಗಾಳಿ ಎದ್ದ ದಿನ ಹೊರಗೆ ಕಾಲಿಡಬೇಡ ಎಂದು ನೀನು ಹೇಳಿದ್ದರೂ, ಕಾಲೇಜಿನವರು ರಜೆ ಕೊಡದ್ದರಿಂದ ತರಗತಿಗೆ ಹೋದೆ. ರೂಮಿನ ಗೆಳತಿ ಮಾರ್ನಿ ಕಂಬಳಿಯೊಳಗಿಂದಲೇ, "ಹೋಗು ಮಹಾತಾಯಿ, ಚಳಿಗೆ ಮೂಗು ಉದುರಿದ್ರೆ ಎತ್ಕೊಂಡು ಬಾ" ಎಂದಳು.

ತರಗತಿಯಲ್ಲಿ ನಾನು ಮತ್ತು ಡ್ವೇನ್ ಇಬ್ಬರೇ. ಭೂಗೋಳದ ಹಾಲ್ವರ್ಸನ್ ಮೇಷ್ಟ್ರು ಬರಲೇ ಇಲ್ಲ.

"ಮೇಷ್ಟ್ರೂ ಚಕ್ಕರ್ ಹೊಡೆದ್ರು, ನಡಿ ಕಾಫಿ ಕುಡಿಯೋಣ" ಎಂದು ಡ್ವೇನ್ ಎದ್ದ.

ನನ್ನ ಮನಸ್ಸು ಒಪ್ಪಲಿಲ್ಲ. ಅವರು ಊರಾಚೆಯಿಂದ ಕಾರಿನಲ್ಲಿ ಬರುವ ಒಂಟಿ ಮನುಷ್ಯ. ಆಫೀಸಿನಿಂದ ಫೋನ್ ಮಾಡಿದರೆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಪೊಲೀಸರಿಗೆ ತಿಳಿಸಿದೆವು. ಕಾರು ರಸ್ತೆ ಪಕ್ಕದ ಹಳ್ಳಕ್ಕೆ ಜಾರಿ ಹಿಮದಲ್ಲಿ ಹೂತುಹೋಗಿತ್ತಂತೆ. ಒಳಗೆ ಮೇಷ್ಟ್ರು ಬದುಕಿದ್ದರು, ಅಪ್ಪ!

ಇವತ್ತು ಆಸ್ಪತ್ರೆಗೆ ಹೋಗಿದ್ದೆವು. ಮಾರ್ನಿಯೂ ಬಂದಿದ್ದಳು. ಮೇಷ್ಟ್ರ ಎರಡೂ ಕೈಗೆ ಬ್ಯಾಂಡೇಜು ಸುತ್ತಿದ್ದಾರೆ, ಚಳಿಗೆ ಮರಗಟ್ಟಿದ್ದ ಬೆರಳುಗಳು ಉಳಿಯುತ್ತವಂತೆ.

"ಅಂಥ ಗಾಳೀಲಿ ಯಾಕ್ ಸಾರ್ ಹೊರಟ್ರಿ?" ಎಂದೆ.

"ಯಾರೂ ಬರಲ್ಲ ಅಂತ ಗೊತ್ತಿತ್ತು ಕಣಮ್ಮ. ಆದ್ರೂ ಒಬ್ರಾದ್ರೂ ಬಂದು ಕಾಯ್ತಾ ಕೂತಿದ್ರೆ ಪಾಪ ಅನ್ನಿಸ್ತು" ಎಂದರು.

ನನಗೆ ನಗುವೂ ಬಂತು, ಅಳುವೂ ಬಂತು.

ಅಮ್ಮನಿಗೆ ಹೇಳಿ ಮೇಷ್ಟ್ರಿಗೆ ಒಂದು ಜೊತೆ ಉಣ್ಣೆಯ ಕೈಗವಸು ಹೆಣೆಸಿ ಕಳಿಸು. ಬ್ಯಾಂಡೇಜಿನ ಮೇಲೂ ತೊಡುವಷ್ಟು ಸಡಿಲವಾಗಿರಲಿ. ಡಾಕ್ಟರು ಬೇಡವೆಂದರೂ ಕೇಳದೆ ಮುಂದಿನ ವಾರವೇ ಪಾಠಕ್ಕೆ ಬರುತ್ತಾರಂತೆ.

ನಿನ್ನ ಮಾತು ಮೀರಿದ ಮಗಳು,
ಸಿಗ್ರಿಡ್