ಬೋರ್ದೊ ಅಂದರೆ ಬಾರ್ಡರ್ ಅಲ್ಲ

ಫೆಬ್ರವರಿ 4, ಬೆಳಿಗ್ಗೆ

ಇವತ್ತೂ ಬಾಳೆಹಣ್ಣು ಕಿವುಚಿದೆ. ಕೊಳೆತ ಹಣ್ಣು, ಕಂದು ಸಕ್ಕರೆ, ಒಂದು ಕ್ಯಾನ್ ಬಿಯರ್. ಬಕೆಟ್ಟಿನಲ್ಲಿ ಕಲಸಿ ಮರದ ದಿಮ್ಮಿಗಳಿಗೆ ಬಳಿಯಬೇಕು. ಬಿಸಿಲೇರಿದರೆ ಚಿಟ್ಟೆಗಳು ಕುಡಿಯಲು ಬರುತ್ತವೆ. ಮದುವೆಯಾಗಿ ಹತ್ತೊಂಬತ್ತು ದಿನ. ಗಂಡನ ಮನೆಯಲ್ಲಿ ಇಂಥ ಅಡುಗೆ ಇನ್ಯಾವ ಹುಡುಗಿಗೆ ಸಿಕ್ಕೀತು!

ಅತ್ತೆ ಎರ್ಲಿಂದಾ ಕಿಟಕಿಯಿಂದ ಕೂಗಿದರು: "ಏ ಪೋಚಾ, ಬಿಯರು ಚಿಟ್ಟೆಗೋ, ನಿಂಗೋ?"

ಸ್ಪ್ಯಾನಿಷ್ ಮರೆತ ಮೆಕ್ಸಿಕನ್ ಮೂಲದ ನಮ್ಮವರಿಗೆ ಇಲ್ಲಿ, ಈ ಗಡಿಯೂರಿನಲ್ಲಿ, ಪೋಚಾ ಎಂದು ಹೆಸರು. ಹ್ಯೂಸ್ಟನ್ನಿನ ಇಂಗ್ಲಿಷ್ ಶಾಲೆ ನನಗೆ ಕೊಡಿಸಿದ ಬಿರುದು. ನನ್ನ ಗಂಡ ನೊಯೆ ನಕ್ಕ. ನಗುವಾಗ ಅವನ ಎಡಗೆನ್ನೆ... ಇರಲಿ. ಬಕೆಟ್ ಕಾಯುತ್ತಿದೆ.

ಅದೇ ದಿನ, ಮಧ್ಯಾಹ್ನ

ಮಾವ ನನ್ನನ್ನು ಕೆಲಸಕ್ಕೆ ಕರೆದರು! ದೊನ್ ಸೆರಾಪಿಯೊ, ಸ್ವತಃ! ನದಿದಂಡೆಯ ನಮ್ಮ ಚಿಟ್ಟೆಯ ಕಾಡಿನಲ್ಲಿ ಸರ್ಕಾರ ಮೆಕ್ಸಿಕೋ ಗಡಿಯ ಗೋಡೆ ಕಟ್ಟಬಾರದು ಎಂದು ಎರಡು ವರ್ಷದಿಂದ ಕೋರ್ಟು ಹತ್ತಿದ್ದಾರೆ. ಈಗ ಗೋಡೆಯ ಗುತ್ತಿಗೆದಾರರು ಜಾಗ ಅಳೆಯಲು, ದಾರಿಗೆ ಪೊದೆ ಸವರಲು ಅನುಮತಿ ಕೇಳಿದ್ದಾರೆ. ಅಷ್ಟಕ್ಕೆ ಬಿಡಿ ಎಂದು ವಕೀಲರ ಸಲಹೆ. ಮಾವ ಸ್ಪ್ಯಾನಿಷಿನಲ್ಲಿ ಹೇಳಿದರು, ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ.

"ಬೋರ್ದೊ ತನಕ ಬರ್ಲಿ. ಅದರಾಚೆ ಒಂದಡಿ ಇಟ್ರೂ ಕಾಲು ಮುರೀತೀನಿ ಅಂತ ಬರಿ."

ಕಾಲು ಮುರಿಯುವುದೊಂದನ್ನು ಬಿಟ್ಟೆ.

ಓದಿಸಿಕೊಳ್ಳದೆಯೇ ಸಹಿ ಹಾಕಿದರು. "ಇಂಗ್ಲಿಷು ನಿಂದು ಮಗಳೇ, ಸಹಿ ನಂದು."

ಮಗಳೇ! ಮಗಳೇ ಅಂದರು!

ಫೆಬ್ರವರಿ 11

ಪೊದೆ ಕತ್ತರಿಸುವ ಎರಡು ಟ್ರ್ಯಾಕ್ಟರುಗಳು ಬಂದವು. ಪ್ರವಾಹ ತಡೆಯುವ ಮಣ್ಣಿನ ಏರಿಯನ್ನು ಹತ್ತಿ, ಇಳಿದು, ನದಿಯತ್ತ ನುಗ್ಗಿದವು. ಮಾವ ಏರಿಯ ಮೇಲೆ ಓಡಿ ಕೂಗಿದರು: "ಬೋರ್ದೊ ತನಕ ಅಂದಿದ್ದೆ! ಬೋರ್ದೊ ಇದು! ಕಾಲ ಕೆಳಗೇ ಇದೆ!"

ಮೇಸ್ತ್ರಿ ನನ್ನ ಕಾಗದ ತೆಗೆದ. "ಬಾರ್ಡರ್ ತನಕ ಅಂತ ನೀವೇ ಬರ್ಕೊಟ್ಟಿದೀರಲ್ಲ, ಯಜಮಾನ್ರೇ? ಬಾರ್ಡರ್ ಅಂದ್ರೆ ನದಿ."

ಬೋರ್ದೊ ಅಂದರೆ ಏರಿ. ಬಾರ್ಡರನ್ನೇ ಹಳಬರು ಹಾಗೆ ಎಳೆದು ಹೇಳುತ್ತಾರೆ ಎಂದುಕೊಂಡಿದ್ದೆ.

ಏರಿಯಾಚೆ ನಮ್ಮ ಎಪ್ಪತ್ತು ಎಕರೆ ಇದೆ. ಚಿಟ್ಟೆಗಳೆಲ್ಲ ಅಲ್ಲೇ. ಮೊಟ್ಟೆ, ಹುಳ, ಅವು ತಿನ್ನುವ ಎಲೆ, ಎಲ್ಲ.

ತಪ್ಪು ನನ್ನದೆಂದು ಯಾರಿಗೂ ಹೇಳಲಿಲ್ಲ.

ಫೆಬ್ರವರಿ 15, ಭಾನುವಾರ

ಆರು ಎಕರೆ ಹೋಯಿತು. ನಮ್ಮ ವಕೀಲರು ತಡೆಯಾಜ್ಞೆಗೆ ಅರ್ಜಿ ಹಾಕಿದ್ದಾರೆ; ಗುರುವಾರದ ವಿಚಾರಣೆ ತನಕ ಯಂತ್ರಗಳು ನಿಂತಿವೆ. ಆದರೆ ಕಾಗದದ ಮೇಲೆ ಮಾವನದೇ ಸಹಿ.

ಇವತ್ತು ಮಾವ ಅತ್ತೆಯನ್ನು ಮೆಲ್ಲಗೆ ಕೇಳುತ್ತಿದ್ದರು: "ಲಿಂದಾ, ನಾನೇ ಏನಾದ್ರೂ ಬಾಯ್ತಪ್ಪಿ ಅಂದ್ನಾ? ವಯಸ್ಸಾಯ್ತಲ್ಲ..."

ಅದನ್ನು ಕೇಳಿಸಿಕೊಂಡು ಸುಮ್ಮನಿರುವುದು ನನ್ನಿಂದಾಗಲಿಲ್ಲ. ಮೇಜಿನ ಮೇಲೆ ಬಿಸಿ ಬಾರ್ಬಕೋವಾ ಮಾಂಸ, ಎಲ್ಲರ ಕೈಯಲ್ಲೂ ಟೋರ್ಟಿಯಾ ರೊಟ್ಟಿ. ನಿಂತುಕೊಂಡೇ ಹೇಳಿಬಿಟ್ಟೆ. ಒಂದೇ ಉಸಿರಿನಲ್ಲಿ.

ಅತ್ತೆ ಹಣೆ ಹಣೆ ಚಚ್ಚಿಕೊಂಡರು. "ಪೋಚಾ ಅಂದಾಗ ಎಲ್ಲಾ ನನ್ನನ್ನೇ ಬೈದ್ರಿ!"

"ಅಮ್ಮಾ, ಸಾಕು," ಅಂದ ನೊಯೆ. ನನ್ನ ಕಡೆ ನೋಡಲಿಲ್ಲ. ಅದು ಚುಚ್ಚಿತು.

ಮಾವ ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು ನುಂಗಿದರು. "ಕೋರ್ಟಲ್ಲಿ ಇದನ್ನೇ ಹೇಳ್ತೀಯಾ?"

"ಹೇಳ್ತೀನಿ ಮಾವ."

"ಊರೇ ನಗುತ್ತೆ."

"ನಗ್ಲಿ."

"ಸರಿ, ಕೂತ್ಕೊ. ಮಾಂಸ ಆರಿಹೋಗುತ್ತೆ."

ಆಮೇಲೆ ಹಿತ್ತಿಲಲ್ಲಿ ನೊಯೆ ಬಂದು ಪಕ್ಕ ನಿಂತ. "ನಾಲ್ಕು ದಿನ ನನಗೂ ಹೇಳ್ಲಿಲ್ಲ ನೀನು." ಅವನ ಸಿಟ್ಟು ಕಾಗದದ ಮೇಲಲ್ಲ! ಅಳು, ನಗು ಎರಡೂ ಬಂತು.

ಫೆಬ್ರವರಿ 19, ಸಂಜೆ

ಎಲ್ಲಿಂದ ಶುರು ಮಾಡಲಿ! ಇವತ್ತು ಕೋರ್ಟಿನಲ್ಲಿ ತಡೆಯಾಜ್ಞೆಯ ವಿಚಾರಣೆ!

ಗುತ್ತಿಗೆದಾರರ ಕಡೆಯ ವಕೀಲ, ತೆಳ್ಳನೆಯವನು, ನಗುತ್ತಲೇ ಕೇಳಿದ: "ಅಮ್ಮಾ, ತಪ್ಪು ನಿಮಗೆ ಬಹಳ ಅನುಕೂಲಕ್ಕೆ ಸಿಕ್ಕಿದೆ. ಬೋರ್ದೊ ಅಂದ್ರೇನು ಅಂತ ನಿಜವಾಗ್ಲೂ ಗೊತ್ತಿರ್ಲಿಲ್ವಾ?"

"ಇಲ್ಲ ಸಾರ್. ನಾನು ಪೋಚಾ."

ಕೋರ್ಟು ಗೊಳ್ಳೆಂದಿತು. ಹಿಂದಿನ ಸಾಲಿನಿಂದ ಅತ್ತೆಯ ದನಿ: "ನಿಜ ಸ್ವಾಮಿ, ನಾನು ಸಾಕ್ಷಿ!" ಪೇದೆ ಗದರಿದ.

ನ್ಯಾಯಾಧೀಶೆ ನಗಲಿಲ್ಲ. ನನ್ನ ಕಾಗದವನ್ನು ಎರಡು ಸಲ ಓದಿದರು. "ವಕೀಲರೇ, 'ಬಾರ್ಡರ್ ತನಕ ಬರಬಹುದು, ಅದರಾಚೆ ಒಂದಡಿಯೂ ಇಡಕೂಡದು' ಅಂತಿದೆ. ಬಾರ್ಡರಿನಾಚೆ ಏನಿದೆ?"

"ಮೆಕ್ಸಿಕೋ, ಮಹಾಸ್ವಾಮಿ."

"ನೀವು ಮೆಕ್ಸಿಕೋಗೆ ಕಾಲಿಡ್ತೀರಿ ಅಂತ ಈ ಯಜಮಾನರು ಯಾಕೆ ತಲೆ ಕೆಡಿಸ್ಕೊಳ್ತಾರೆ?"

ಅವನು ತನ್ನ ಕೈಯಲ್ಲಿದ್ದ ನಕಲನ್ನು ತಿರುಗಿಸಿದ. ಹಿಂದೆ ಏನೂ ಬರೆದಿರಲಿಲ್ಲ.

ನ್ಯಾಯಾಧೀಶೆಯ ಆಜ್ಞೆ: ಪೂರ್ತಿ ವಿಚಾರಣೆ ಮುಗಿಯುವ ತನಕ ಏರಿಯಾಚೆ ಒಂದು ಯಂತ್ರವೂ ಇರಕೂಡದು! ನಾಳೆ ಹನ್ನೆರಡರೊಳಗೆ ಖಾಲಿ! ಗೋಡೆಯ ಮೊಕದ್ದಮೆ ಇನ್ನೂ ಇದೆ, ಸೋತರೂ ಸೋಲಬಹುದು, ಗೊತ್ತು. ಆದರೆ ಅರವತ್ತನಾಲ್ಕು ಎಕರೆ ಉಳಿದಿದೆ!

ಫೆಬ್ರವರಿ 20, ಬೆಳಿಗ್ಗೆ 11.35

ಏರಿಯ ಮೇಲೆ, ಮಾವನ ಪಿಕಪ್ಪಿನಲ್ಲಿ ಕೂತು ಬರೆಯುತ್ತಿದ್ದೇನೆ. ಒಂದು ಟ್ರ್ಯಾಕ್ಟರ್ ಹೋಯಿತು. ಇನ್ನೊಂದು ಸ್ಟಾರ್ಟ್ ಆಗುತ್ತಿಲ್ಲ! ಬ್ಯಾಟರಿ ಸತ್ತಿದೆ. ಡ್ರೈವರ್ ನೊಯೆಯ ಶಾಲೆಯವನೇ, ಬೆವರುತ್ತಾ ನಿಂತಿದ್ದಾನೆ.

ಮಾವ: "ಕೇಬಲ್ ತಗೊಂಡ್ಬಾ ನೊಯೆ. ಇಲ್ಲೇ ಬಿಟ್ಟು ಹೋಗೋಕೆ ಅವರಿಗೊಂದು ನೆಪ ಸಿಗ್ಬಾರ್ದು."

ಪಿಕಪ್ ಇಳಿಸಿ ಪಕ್ಕಕ್ಕೆ ಹಚ್ಚಿದೆವು. ಕೇಬಲ್ ಸಿಕ್ಕಿಸಿದರು. ಕರ್‌ರ್... ಇಲ್ಲ. ಇನ್ನೊಮ್ಮೆ... ಹಿಡಿಯಿತು! ಹೊಗೆ! ಏರಿ ಹತ್ತುತ್ತಿದೆ, ಅರ್ಧಕ್ಕೆ ಬಂತು... ಅಯ್ಯೋ, ಚಕ್ರ ಮರಳಿನಲ್ಲಿ ಜಾರುತ್ತಿದೆ. ಅತ್ತೆ ಏಪ್ರನ್ನನ್ನು ಸೊಂಟಕ್ಕೆ ಸಿಕ್ಕಿಸಿ ಹಿಂದಿನಿಂದ ಹೆಗಲು ಕೊಟ್ಟಿದ್ದಾರೆ!

"ಮಾರಿಸೆಲಾ! ಬರೆದದ್ದು ಸಾಕು, ಬಂದು ತಳ್ಳು!"

ಅತ್ತೆ ಹೆಸರು ಹಿಡಿದು ಕರೆದರು! ಮೊದಲ ಸಲ, ನನ್ನ ಹೆಸ—