ಮುಳ್ಳೆಂದು ಬರೆದ ಚೀಟಿ

ಸ್ಟ್ಯಾನ್ಮೋರ್
ಬುಧವಾರ, ಸಂಜೆ ನಾಲ್ಕು

ನನ್ನ ಮಾಳವಿಕಾ,

ಕನ್ನಡದಲ್ಲಿ ಬರೆದಿದ್ದೇನೆಂದು ಸಿಟ್ಟಾಗಬೇಡ. ನೀನು ಅಕ್ಷರ ಕೂಡಿಸಿ ಕೂಡಿಸಿ ಓದುವವಳು, ಅರ್ಧ ಗಂಟೆ ಹಿಡಿಯಬಹುದು. ಇಂಗ್ಲಿಷಿನಲ್ಲಿ ಬರೆಯಲು ಕೂತರೆ ನನ್ನ ಕೈ ತಾನಾಗಿ ಆಸ್ಪತ್ರೆಯ ವರದಿ ಬರೆಯತೊಡಗುತ್ತದೆ. ವರದಿಯಲ್ಲಿ ಸುಳ್ಳು ಹೇಳುವುದು ಎಷ್ಟು ಸಲೀಸು ಎಂಬುದು ನನಗೆ ಕಳೆದ ನವೆಂಬರಿನಲ್ಲಿ ತಿಳಿಯಿತು.

ವಿಷಯ ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳಲು ಹೋದರೆ ನನ್ನ ಧೈರ್ಯ ಉಳಿಯುವುದಿಲ್ಲ. ಆ ಶನಿವಾರ ನಿನ್ನ ಮಾವನಾಗುವ ಉದಯಶಂಕರ್ ಅವರ ಎಸ್ಟೇಟಿನಲ್ಲಿ ಶರಣಪ್ಪನ ಕಣ್ಣಿಗೆ ಹೊಕ್ಕಿದ್ದು ಮುಳ್ಳಲ್ಲ, ನಿನ್ನ ಬಂದೂಕಿನ ಚರೆಗುಂಡು. ನನಗೆ ಅದು ಅಂದೇ ಗೊತ್ತಿತ್ತು. ನಿನಗೆ ಗೊತ್ತಾಗದಂತೆ ನೋಡಿಕೊಂಡವಳೂ ನಾನೇ.

ಈಗ ಎದ್ದು ಹೋಗಬೇಡ, ಪೂರ್ತಿ ಓದು.

ಆ ದಿನ ನಾನು ಹಿಗ್ಗಿದ್ದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಜನ್ಮದಲ್ಲಿ ಮೊಟ್ಟೆ ಮುಟ್ಟದ ಧಾರವಾಡದ ಹೆಂಗಸು, ಎರವಲು ತಂದ ರಬ್ಬರ್ ಬೂಟು ಹಾಕಿಕೊಂಡು ಕೆಸರಿನಲ್ಲಿ ನಿಂತು, ಹಕ್ಕಿ ಹೊಡೆಯುವುದನ್ನು ನೋಡಲು ಹೋಗಿದ್ದೆ. ಉದಯಶಂಕರ್ ಅವರ ತಂದೆ ಪೀಣ್ಯದ ತಗಡಿನ ಶೆಡ್ಡಿನಲ್ಲಿ ಬೇರಿಂಗ್ ಮಾಡುತ್ತಿದ್ದರಂತೆ. ಮಗ ಮೂರು ದೇಶಗಳಲ್ಲಿ ಕಾರ್ಖಾನೆ ಕಟ್ಟಿ, ಇಲ್ಲಿನ ಯಾವುದೋ ಇಂಗ್ಲಿಷ್ ಮನೆತನದಿಂದ ನಾಲ್ಕು ಸಾವಿರ ಎಕರೆ ಕೊಂಡಿದ್ದಾರೆ. ಗೋಡೆಯ ಮೇಲಿನ ಆ ಮನೆತನದ ಅಜ್ಜಂದಿರ ಪಟಗಳನ್ನೂ ಸೇರಿಸಿ ಕೊಂಡಿದ್ದಾರೆ. ಊಟದ ಮೇಜಿನಲ್ಲಿ ಅವರು ಎರಡು ಸಲ ಹೇಳಿದ್ದು ನಿನಗೆ ನೆನಪಿರಬೇಕು: "ನಮ್ಮಲ್ಲಿ ಸೀಸದ ಗುಂಡು ಬಂದ್ ಮಾಡಿದೀವಿ, ಡಾಕ್ಟ್ರೇ. ಬರೀ ಉಕ್ಕು. ಮಣ್ಣಿಗೂ ಒಳ್ಳೇದು, ಹಕ್ಕಿಗೂ ಒಳ್ಳೇದು." ಹಕ್ಕಿಗೆ ಯಾವ ಗುಂಡು ಒಳ್ಳೆಯದು ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಬಾಯಿ ಬಿಡಲಿಲ್ಲ. ಬೀಗಿತ್ತಿಯಾಗುವವಳು ಬಾಯಿ ಬಿಡಬಾರದಲ್ಲ.

ಹಕ್ಕಿ ತಾನಾಗಿ ಬಂದೂಕಿನ ಮುಂದೆ ಬರುವುದಿಲ್ಲ ಎಂಬುದು ನನಗೆ ಅಲ್ಲಿ ಹೋದ ಮೇಲೆ ತಿಳಿಯಿತು. ಪೊದೆಗಳಲ್ಲಿ ಕೋಲು ಬಡಿಯುತ್ತ, ಕೂಗುತ್ತ, ಅದನ್ನು ಸೋವಿ ಎಬ್ಬಿಸುವವರು ಬೇಕು. ಆ ಕೆಲಸಕ್ಕೆ ಅವರು ಹೇಸ್‌ನಲ್ಲಿರುವ ತಮ್ಮ ವೇರ್‌ಹೌಸಿನಿಂದಲೇ ಎಂಟು ಜನರನ್ನು ಮಿನಿಬಸ್ಸಿನಲ್ಲಿ ಕರೆಸಿದ್ದರು. ಅವರಲ್ಲಿ ಶರಣಪ್ಪ ಒಬ್ಬ. ಸಿಂದಗಿ ಕಡೆಯವನು. ಹೆಂಡತಿ ಚನ್ನಬಸವ್ವ ಇಲ್ಲಿ ವೃದ್ಧರ ಕೇರ್ ಹೋಮಿನಲ್ಲಿ ನರ್ಸು, ಇವನು ಫೋರ್ಕ್‌ಲಿಫ್ಟ್ ಓಡಿಸುತ್ತಾನೆ. ಚಹಾದ ಹೊತ್ತಿಗೆ ನನ್ನ ಮಾತು ಕೇಳಿ ಹತ್ತಿರ ಬಂದ. "ಧಾರವಾಡದಾವ್ರೇನ್ರಿ ಅಕ್ಕಾರ? ಈ ಕೆಸರಿನ್ಯಾಗ ನಮ್ಮ ಮಾತು ಕೇಳಿ ಹೊಟ್ಟಿ ತುಂಬಿತ್ರಿ" ಎಂದ. ನನಗೂ ತುಂಬಿತ್ತು.

ಮೂರನೆಯ ಸುತ್ತಿನಲ್ಲಿ ಸೀಟಿ ಊದಿದರು. ಸೋವುವವರು ಹತ್ತಿರ ಬಂದಿದ್ದಾರೆ, ಇನ್ನು ಕೆಳಗೆ ಗುರಿ ಇಡಬೇಡಿ ಎಂದು ಆ ಸೀಟಿಯ ಅರ್ಥ. ಬೆಳಿಗ್ಗೆ ನಿನಗೆ ಹೇಳಿದ್ದರು. ಗಾಳಿಗೆ ನಿನಗೆ ಕೇಳಿಸಿತೋ ಇಲ್ಲವೋ. ಒಂದು ಫೆಸೆಂಟ್ ಹುಂಜ ಬೇಲಿಯ ಎತ್ತರಕ್ಕೇ ಹಾರಿತು. ಹಿಂದೆ ನಿಂತ ನಿನ್ನ ಯಶಸ್ "ಈಗ" ಎಂದ, ನೀನು ಬಂದೂಕು ತಿರುಗಿಸಿದೆ, ಹಕ್ಕಿ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. "ಅಮ್ಮಾ, ಐ ಗಾಟ್ ಇಟ್" ಎಂದು ನೀನು ನನ್ನತ್ತ ತಿರುಗಿದೆ. ನಿನ್ನ ಹೆಗಲ ಆಚೆ, ಮುಳ್ಳುಪೊದೆಯ ಹತ್ತಿರ, ಒಬ್ಬ ಮನುಷ್ಯ ಮುಖ ಹಿಡಿದುಕೊಂಡು ಮೆಲ್ಲಗೆ ಕೂತದ್ದು ನನಗೆ ಕಂಡಿತು.

ಟ್ರ್ಯಾಕ್ಟರಿನ ಹಿಂದೆ ಅವನನ್ನು ಕೂರಿಸಿ ನೋಡಿದೆ. ಕಣ್ಣಿನ ಹೊರಮೂಲೆಯಲ್ಲಿ ಸಣ್ಣ, ದುಂಡನೆಯ ಗಾಯ. ಮುಳ್ಳು ಗೀರುತ್ತದೆ, ಸೀಳುತ್ತದೆ, ದುಂಡಗೆ ತೂತು ಕೊರೆಯುವುದಿಲ್ಲ. ಇಪ್ಪತ್ತಾರು ವರ್ಷ ಕಣ್ಣು ನೋಡಿದವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ? ದೃಷ್ಟಿ ಮಾತ್ರ ಸರಿಯಾಗಿತ್ತು. ಚರೆ ಕಣ್ಣುಗುಡ್ಡೆಯನ್ನು ತಪ್ಪಿಸಿ ಪಕ್ಕದಲ್ಲಿ ಎಲ್ಲೋ ಹೋಗಿ ಕೂತಿತ್ತು. ಕೂಡಲೇ ಸ್ಕ್ಯಾನ್ ಆಗಬೇಕಿತ್ತು. ಆದರೆ ಚರೆ ಕಂಡರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ.

ಉದಯಶಂಕರ್ ನನ್ನನ್ನು ಪಕ್ಕಕ್ಕೆ ಕರೆದರು. ಹೆದರಿಸಲಿಲ್ಲ, ಅನ್ಯಾಯವಾಗಿ ಹೇಳಬಾರದು. ಕೈ ಮುಗಿದರು. "ಮುಳ್ಳು ಅಂತ ಬರ್ಕೊಟ್ಬಿಡಿ, ಡಾಕ್ಟ್ರೇ. ಲಾಯರ್ ಆಗೋ ಹುಡುಗಿ, ಪೊಲೀಸು ಗಿಲೀಸು ಅಂದ್ರೆ ಅವಳ ಕೆರಿಯರ್ ಏನಾಗುತ್ತೆ? ನಮ್ಮ ಜನಾನ ನಾವು ನೋಡ್ಕೋತೀವಿ." ಅವರು ತಮ್ಮ ಮನೆತನದ ಹೆಸರು ಎತ್ತಲಿಲ್ಲ, ನಿನ್ನ ಹೆಸರು ಎತ್ತಿದರು. ವ್ಯಾಪಾರ ಬಲ್ಲವರು. ನಾನು ಚೀಟಿ ಬರೆದೆ: ಮುಳ್ಳು ಚುಚ್ಚಿದ ಗಾಯ, ಸ್ವಚ್ಛಗೊಳಿಸಲಾಗಿದೆ. ಕೆಳಗೆ ಸಹಿ, ನನ್ನ ನೋಂದಣಿ ಸಂಖ್ಯೆ. ಶರಣಪ್ಪ ಅದನ್ನು ತೆಗೆದುಕೊಂಡು ನೆಟ್ಟಗಿದ್ದ ಕಣ್ಣಿಗೆ ಒತ್ತಿಕೊಂಡ. ನೀನು ಬಂದು ಆತನಿಗೆ ಏನಾಯಿತು ಎಂದು ಕೇಳಿದಾಗ, "ಮುಳ್ಳ ಚುಚ್ಚೇದ, ಏನಾಗಿಲ್ಲ" ಎಂದೆ. ನೀನು ನಂಬಿದೆ. ಹೊರಡುವಾಗ ನಮಗೂ ಕುತ್ತಿಗೆಗೆ ದಾರ ಕಟ್ಟಿದ ಜೋಡಿ ಹಕ್ಕಿ ಉಡುಗೊರೆ ಕೊಟ್ಟರು. ಬೇಯಿಸಲು ಬಾರದೆ, ಕಸಕ್ಕೆ ಎಸೆಯಲು ಮನಸ್ಸಾಗದೆ ಅವನ್ನು ಸೇಬಿನ ಗಿಡದ ಬುಡದಲ್ಲಿ ಹೂತೆ. ಮೂರನೆಯ ದಿನ ನರಿ ತೋಡಿ ಹುಲ್ಲಿನ ತುಂಬ ಪುಕ್ಕ ಹರಡಿತ್ತು. ನೀನು ಏಳುವ ಮೊದಲೇ ಎಲ್ಲವನ್ನೂ ಆರಿಸಿ ತೆಗೆದೆ.

ಮೊನ್ನೆ ಸೋಮವಾರ ಶರಣಪ್ಪ ಫೋನ್ ಮಾಡಿದ. "ಅಕ್ಕಾರ, ಬೆನ್ನು ಭಾಳ ನೋಯಾಕ ಹತ್ತೇತ್ರಿ, ಗುರುವಾರ ಎಂಆರ್‌ಐ ಮಾಡ್ತಾರಂತ. ಕಣ್ಣಾಗ ಯಾವಾಗರ ಲೋಹ ಹೊಕ್ಕಿತ್ತೇನು ಅಂತ ಫಾರ್ಮಿನ್ಯಾಗ ಕೇಳ್ಯಾರ್ರಿ. ಇಲ್ಲ ಅಂತ ಬರದೇನಿ. ಮತ್ತ ಕೇಳಿದ್ರ ನಿಮ್ಮ ಚೀಟಿ ಐತಲ್ರಿ, ತೋರಸ್ತೀನಿ."

ಎಂಆರ್‌ಐ ಎಂದರೆ ದೊಡ್ಡ ಆಯಸ್ಕಾಂತ, ಮಾಳವಿಕಾ. ಸೀಸವಾಗಿದ್ದರೆ ಅದಕ್ಕೆ ಜಗ್ಗುತ್ತಿರಲಿಲ್ಲ. ಉಕ್ಕು ಜಗ್ಗುತ್ತದೆ, ಜಗ್ಗುವಾಗ ಕಣ್ಣನ್ನು ಹರಿದುಕೊಂಡು ಹೋಗಬಹುದು. ಕಾಣುವ ಕಣ್ಣು ನನ್ನ ಚೀಟಿಯಿಂದ ಹೋಗುತ್ತಿತ್ತು.

ಆದರೂ ಅವನಿಗೆ ಆಗಲೇ ಹೇಳಲಿಲ್ಲ. ನಿನ್ನ ಮಾವನವರಿಗೆ ಫೋನ್ ಮಾಡಿದೆ. "ಅಷ್ಟೇ ತಾನೇ? ಆ ಸ್ಕ್ಯಾನ್ ಕ್ಯಾನ್ಸಲ್ ಮಾಡ್ಸಿ, ಪ್ರೈವೇಟಲ್ಲಿ ತೋರ್ಸೋಣ. ಅವನಿಗೆ ಯಾಕೆ ಹೇಳ್ಬೇಕು?" ಎಂದರು. ನಿನ್ನೆ ಇಡೀ ದಿನ ನಾನು ಅದಕ್ಕೆ ಒಪ್ಪಿಕೊಂಡೇ ಇದ್ದೆ. ನನ್ನ ಬಗ್ಗೆ ನಾಚಿಕೆಯಾಗುತ್ತದೆ. ಆಮೇಲೆ ಅನ್ನಿಸಿತು, ತನ್ನ ತಲೆಯಲ್ಲಿ ಉಕ್ಕಿದೆ ಎಂದು ಗೊತ್ತಿಲ್ಲದ ಮನುಷ್ಯ ಇನ್ನು ಹತ್ತು ವರ್ಷದ ಮೇಲೆ ವಿಜಯಪುರದ ಯಾವುದೋ ಆಸ್ಪತ್ರೆಯಲ್ಲಿ ಮತ್ತೆ ಅದೇ ಫಾರ್ಮು ತುಂಬುತ್ತಾನೆ. ಮತ್ತೆ ಇಲ್ಲ ಎಂದು ಬರೆಯುತ್ತಾನೆ. ಅಂದು ತಡೆಯಲು ನಾನು ಎಲ್ಲಿರುತ್ತೇನೆ?

ಇಂದು ಮಧ್ಯಾಹ್ನ ಹೇಸ್‌ಗೆ ಹೋದೆ. ಚನ್ನಬಸವ್ವ ಕೆಲಸಕ್ಕೆ ಹೋಗಿದ್ದಳು. ಅವನೇ ಚಹಾ ಮಾಡಿ ಕೊಟ್ಟ. ಎಲ್ಲ ಹೇಳಿದೆ. ನಿನ್ನ ಹೆಸರನ್ನೂ ಹೇಳಿದೆ. ಅವನು ಪಾಕೀಟಿನಿಂದ ಚೀಟಿ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟ. "ನನಗ ಓದಾಕ ಬರ್ತೈತ್ರಿ ಅಕ್ಕಾರ. ಆದ್ರ ಇದನ್ನ ಓದಿದ್ದಿಲ್ಲ. ನಮ್ಮ ಕಡಿ ಡಾಕ್ಟ್ರು ಬರದಾರ ಅಂತ ಹಂಗ ಇಟ್ಕೊಂಡಿದ್ದೆ" ಎಂದ. ಬೈದಿದ್ದರೆ ಚೆನ್ನಾಗಿತ್ತು. ನಾನು ಅವನ ಎದುರಿಗೇ ಅತ್ತೆ.

ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿ ಎಂಆರ್‌ಐ ನಿಲ್ಲಿಸಿದ್ದೇನೆ. ನಾಳೆ ಬೆಳಿಗ್ಗೆ ಅವನಿಗೆ ಬೇರೆ ಸ್ಕ್ಯಾನು, ಆಯಸ್ಕಾಂತ ಇಲ್ಲದ್ದು. ಬಾಗಿಲವರೆಗೆ ಬಂದು ಅವನು ಒಂದೇ ಪ್ರಶ್ನೆ ಕೇಳಿದ: "ಮಗಳಿಗೆ ಗೊತ್ತೈತೇನ್ರಿ?" ಇಲ್ಲ ಎಂದೆ. "ಹಂಗಾರ ಇವತ್ತ ಹೇಳ್ರಿ. ನನಗ ಮೂರು ತಿಂಗಳು ತಡಾ ಮಾಡಿದ್ರಿ, ಆಕಿಗೆ ಮಾಡಬ್ಯಾಡ್ರಿ."

ಅದಕ್ಕೇ ಈ ಕಾಗದ.

ನಾಳೆ ಹತ್ತಕ್ಕೆ ಪೊಲೀಸ್ ಠಾಣೆಗೆ ಹೋಗುತ್ತೇನೆ. ವೈದ್ಯರ ಮಂಡಳಿಗೂ ಬರೆಯುತ್ತೇನೆ. ನನ್ನ ಕೆಲಸ ಹೋಗಬಹುದು. ನಿನ್ನ ಹೆಸರಿಲ್ಲದೆ ಈ ಮಾತನ್ನು ಹೇಗೆ ಹೇಳಬಹುದೆಂದು ಕಾರಿನಲ್ಲಿ ದಾರಿಯುದ್ದಕ್ಕೂ ಹುಡುಕಿದೆ, ಸಿಗಲಿಲ್ಲ. ಕ್ಷಮಿಸು. ನಿನ್ನ ತಪ್ಪು ಒಂದು ಕ್ಷಣದ್ದು, ಕೈಗೆ ಬಂದೂಕು ಕೊಟ್ಟವರಿಗೂ ಅದರಲ್ಲಿ ಪಾಲಿದೆ. ನನ್ನದು ಮೂರು ತಿಂಗಳಿನದು, ಅದರಲ್ಲಿ ಯಾರಿಗೂ ಪಾಲಿಲ್ಲ. ಯಶಸ್ ಜೊತೆ ಮದುವೆ ಉಳಿಯುತ್ತದೋ ಇಲ್ಲವೋ ನನಗೆ ತಿಳಿಯದು. ನೀನು ನನ್ನ ಜೊತೆ ಮಾತು ಬಿಟ್ಟರೂ ನಾನು ಬಾಗಿಲಿಗೆ ಚಿಲಕ ಹಾಕುವುದಿಲ್ಲ.

ಕ್ರಿಸ್‌ಮಸ್ಸಿಗೆ ವಿಶಾಲಾಕ್ಷಿ, ನಿನ್ನ ಅತ್ತೆಯಾಗುವವರು, ನೀನು ಹೊಡೆದ ಆ ಹಕ್ಕಿಯ ಬಾಲದ ಗರಿಗೆ ಗಾಜು ಹಾಕಿಸಿ ಕಳಿಸಿದ್ದರಲ್ಲ, ಅದನ್ನು ನಡುಮನೆಯ ಗೋಡೆಯಿಂದ ಇಳಿಸಿದ್ದೇನೆ. ಮಾಳವಿಕಾಳ ಮೊದಲ ಬೇಟೆ, ತಾರೀಕು, ಮೂರನೆಯ ಸುತ್ತು, ಎಲ್ಲ ಅದರ ಕೆಳಗೆ ಅಚ್ಚಾಗಿದೆ. ಯಾರು, ಯಾವಾಗ ಎಂದು ಪೊಲೀಸರು ಕೇಳಿದರೆ ಅದೇ ಸಾಕ್ಷಿ. ನಾನು ಒಯ್ಯುವುದಿಲ್ಲ. ಅದು ನಿನ್ನದು, ಈ ಕಾಗದದ ಪಕ್ಕದಲ್ಲೇ ಇದೆ. ತರುವುದಾದರೆ ನೀನೇ ತಾ. ಹತ್ತರವರೆಗೆ ಠಾಣೆಯ ಹೊರಗೆ ಕಾರಿನಲ್ಲಿ ಕೂತಿರುತ್ತೇನೆ.

ಸುಳ್ಳು ಬರೆದ ಕೈಯೇ ಈಗ ಹರಸುತ್ತಿದೆ, ಬೇರೆ ಕೈ ನನಗಿಲ್ಲ. ನೀನು ಯಾರ ಮುಖವನ್ನಾದರೂ ನೆಟ್ಟಗೆ ನೋಡುವಂತೆ ಬಾಳು, ಮಗಳೇ.

ನೋಂದಣಿ ಸಂಖ್ಯೆ ಇಲ್ಲದೆ, ಬರೀ
ನಿನ್ನ ಅಮ್ಮ