ಏಳು ಮುದ್ರೆಯ ದನಿಪಟ್ಟಿ

ಗಜೇಂದ್ರಗಡ
ಫೆಬ್ರವರಿ ಮೂವತ್ತು, ಇಸವಿ ೨೧೮೪

ಹಿಂದಿನ ಕಾಲದ ಹಿರಿಯರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಾವು ಆಮೇಲೆ ಸೇರಿಸಿಕೊಂಡೆವು. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಮನ್ನಿಸಿ. ನಾವೆಲ್ಲ ಸೌಖ್ಯ. ತಂಗಿ ನಿಂಬವ್ವ ಮಾತ್ರ ಮಾತು ಬಿಟ್ಟು ವರ್ಷವಾಯಿತು.

ಚಿಕ್ಕಂದಿನಲ್ಲೇ ಜ್ವರ ಬಂದು ಅವಳ ದನಿ ಹೋಯಿತು. ಅಂಥವರಿಗೆ ನಮ್ಮಲ್ಲಿ ದನಿಪಟ್ಟಿಯಿದೆ; ಕೊರಳಿಗೆ ಕಟ್ಟಿಕೊಂಡರೆ ಗಂಟಲಿನ ಅಲುಗಾಟ ಹಿಡಿದು ಅದೇ ಮಾತಾಡುತ್ತದೆ. ಅದರ ತಂತ್ರಾಂಶ ಆಪ್ ಮಳಿಗೆಯ ಪರೀಕ್ಷೆ ದಾಟಿ ಬರಬೇಕು. ಆಗ ಇದ್ದದ್ದು ಒಂದೇ ಮಳಿಗೆ. ಕನ್ನಡದ ಪಟ್ಟಿ ಪರೀಕ್ಷಿಸಲು ಅಲ್ಲಿ ಕನ್ನಡ ಬಲ್ಲವರೇ ಇರಲಿಲ್ಲ. ತಂಗಿ ದೊಡ್ಡವಳಾಗುವವರೆಗೂ ಕಾಯಿಸಿದರು, ದೊಣ್ಣೆನಾಯಕರು! ಜನ ರೋಸಿಹೋಗಿ ಏಳು ಮಳಿಗೆ ತೆರೆಸಿದರು, ಪರೀಕ್ಷಿಸಿದ್ದೇವೆಂಬ ಏಳರ ಮುದ್ರೆಯೂ ಇರಬೇಕೆಂದು ನಿಯಮ ಮಾಡಿಸಿದರು. ತಂಗಿಯ ಕೊರಳಿಗೂ ಪಟ್ಟಿ ಬಂತು, ನಾವು ನಿಶ್ಚಿಂತರಾದೆವು. ಆದರೆ ಒಂದರ ಮುದ್ರೆ ಕಂಡು ಇನ್ನೊಂದು, ಅದನ್ನು ಕಂಡು ಮತ್ತೊಂದು ಒತ್ತುತ್ತ ಹೋದವು. ತಂತ್ರಾಂಶವನ್ನು ಬಿಚ್ಚಿ ನೋಡಿದವರು ಯಾರೂ ಇರಲಿಲ್ಲ.

ಇದು ತಿಳಿದದ್ದು ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ. ಕೂಸಿನ ಕಿವಿಯಲ್ಲಿ ಹೆಸರು ಉಸುರುವುದು ಸೋದರತ್ತೆಯ ಹಕ್ಕು. ನಿಂಬವ್ವ ಯಾರಿಗೂ ಹೇಳದೆ ಒಂದು ಹೆಸರು ಆರಿಸಿಟ್ಟುಕೊಂಡಿದ್ದಳು. ಹಿಂದಿನ ದಿನವಷ್ಟೇ ಬಂದ ಹೊಸ ತಂತ್ರಾಂಶದಲ್ಲಿ ತಯಾರಕರು ಜಾಹೀರಾತು ಅಡಗಿಸಿದ್ದರು. ಅವಳು ಬಗ್ಗಿ ಹೆಸರು ಉಸುರಿದರೆ, ಪಟ್ಟಿ ಯಾವುದೋ ಹರಳೆಣ್ಣೆಯ ಗುಣಗಾನ ಮಾಡಿತು. ನೆರೆದ ಹೆಂಗಸರು ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕರು. ಅವಳು ಪಟ್ಟಿ ಬಿಚ್ಚಿಟ್ಟು ಒಳಗೆ ಹೋದಳು. ಹೆಸರು ಬರೆದುಕೊಡು ಎಂದರೆ ಒಪ್ಪಲಿಲ್ಲ. ಅದು ಕಿವಿಯಿಂದಲೇ ಒಳಗಿಳಿಯಬೇಕಂತೆ. ಮಗಳು ಈಗ ನಡೆದಾಡುತ್ತಾಳೆ, ಹೆಸರಿಲ್ಲದೆ ಇನ್ನೂ ಬರೀ ಕೂಸು.

ತಿಂಗಳ ಹಿಂದೆ ಸರಿಪಡಿಸಿದ ತಂತ್ರಾಂಶ ಬಂತು, ಮತ್ತೆ ಏಳು ಮುದ್ರೆ ಹೊತ್ತು. ನಾನು ಹಿಗ್ಗಿ ತೋರಿಸಿದೆ. ಅವಳು ಪಾಟಿಯ ಮೇಲೆ ಬರೆದಳು: “ಅಣ್ಣಾ, ಯಾರಾದ್ರೂ ಬಿಚ್ಚಿ ನೋಡ್ಯಾರೇನು?” ಏಳೂ ಮಳಿಗೆಗಳಿಗೆ ಕೇಳಿದೆ, ಒಬ್ಬರ ಮೇಲೊಬ್ಬರು ಹಾಕಿದರು. ಕೊನೆಗೆ ಪಟ್ಟಿಯನ್ನು ನಾನೇ ಕಟ್ಟಿಕೊಂಡೆ. ಗಂಟಲು ನೆಟ್ಟಗಿದ್ದೂ ದನಿ ತೆಗೆಯದೆ ತುಟಿ ಆಡಿಸುತ್ತೇನೆ. ಸಂತೆಯ ಚೌಕಾಸಿ, ಹೆಂಡತಿಯೊಡನೆ ಜಗಳ, ಎಲ್ಲ ಅದರಲ್ಲೇ. ಇಲ್ಲಿಯವರೆಗೆ ನನ್ನ ಮಾತು ನನ್ನದಾಗಿಯೇ ಬಂದಿದೆ.

ಒಂದೇ ಮಳಿಗೆ ಸಾಕೋ, ಹಲವು ಬೇಕೋ ಎಂದು ನಿಮ್ಮಲ್ಲೂ ಜಗಳವಿತ್ತೆಂದು ಕೇಳಿದ್ದೇನೆ. ಜಗಳವಾಡಿ, ಬೇಡವೆನ್ನುವುದಿಲ್ಲ. ಒಂದಿರಲಿ, ನೂರಿರಲಿ, ಬಿಚ್ಚಿ ನೋಡಿದವರ ಹೆಸರನ್ನು ಮಾತ್ರ ಕೇಳದೆ ಬಿಡಬೇಡಿ. ನನ್ನ ಬೇಡಿಕೆ ಇಷ್ಟೇ.

ಇದನ್ನು ಬರೆಯುತ್ತಿರುವಾಗಲೇ ನಿಂಬವ್ವ ಬಂದು ನನ್ನ ಕೊರಳಿನ ಪಟ್ಟಿ ಬಿಚ್ಚಿಕೊಂಡು ಹೋದಳು. ಪಡಸಾಲೆಯಲ್ಲಿ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಗ್ಗುತ್ತಿದ್ದಾಳೆ. ನಾನು ಕೇಳಿಸಿಕೊಳ್ಳಬೇಕು, ಇಲ್ಲಿಗೆ ನಿಲ್ಲಿಸುತ್ತೇನೆ.

ನಿಮ್ಮ ಮುಂದಿನವನು,
ಕಳಕಪ್ಪ